ಮೂರು ಮೂಲೆ ಅರಿಷಿಣ, ನಾಲ್ಕು ಮೂಲೆ ಕುಂಕುಮ

ಚಾಚಾ ತೀರಿಕೊಂಡ ಸುದ್ದಿ ಬಂದಾಗ ನಾನು ಅವರ ಮೇಲೆಯೇ ಸಿಟ್ಟಿನಲ್ಲಿದ್ದೆ. ಅದರ ಹಿಂದಿನ ವಾರವಷ್ಟೇ ಹಾಸಿಗೆಯಲ್ಲಿ ಮಲಗಿಕೊಂಡು ಹೇಳಿ ಕಳಿಸಿದ್ದರು: "ತುಳಸಿ ಲಗ್ನ ಹತ್ರ ಬಂತು, ದಾರ ಹೊಸದ ಇಟ್ಟಾಳೋ ಇಲ್ಲೋ ಕೇಳ್ರಿ ಆ ಹುಡುಗಿನ್ನ." ಆ ಹುಡುಗಿ ಎಂದರೆ ನಾನೇ. ತಲೆ ಅರ್ಧ ಬೆಳ್ಳಗಾದರೂ ಅವರ ಲೆಕ್ಕದಲ್ಲಿ ನಾನು ಹುಡುಗಿ, ಮತ್ತು ಹುಡುಗಿಯರು ದಾರ ಹೊಸೆಯುವುದನ್ನು ಮರೆಯುವವರು. ನಾನೋ, ಆಷಾಢದಲ್ಲೇ ದಾರವೆಲ್ಲ ಮುಗಿಸಿ ಬುಟ್ಟಿ ತುಂಬಿ ಇಟ್ಟಿದ್ದೆ. ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳಿ ಬರಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಅವರೇ ಎದ್ದು ಹೋದರು. ಈ ಸಿಟ್ಟನ್ನು ಇನ್ನು ಯಾರ ಮೇಲೆ ತೀರಿಸಲಿ? ಅದಕ್ಕೇ ಬರೆಯಲು ಕುಳಿತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಾಕಿಸಿಕೊಳ್ಳುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ನಮ್ಮ ಕಾರ್ಖಾನೆಗೊಂದು ಬೋರ್ಡು ಬರೆಸೋಣ ಎಂದರೆ, "ಬೋರ್ಡ್ ಹಾಕಿದ್ರ ಮಾಲಕ ಬಾಡಿಗಿ ಏರಸ್ತಾನ, ಸುಮ್ನಿರು" ಎಂದಿದ್ದರು. ಬೈಲಹೊಂಗಲದಲ್ಲಿ ಎಲ್ಲರಿಗೂ ಅವರು ಬಳೆಗಾರ ಚಾಚಾ. ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಸವದತ್ತಿ, ಮನೋಳಿ, ರಾಮದುರ್ಗದ ತನಕ ತಿರುಗಿದವರು. ವ್ಯಾಪಾರ ಬಿದ್ದ ಒಂದು ವರ್ಷ ಹತ್ತಿ ಮಿಲ್ಲಿಗೆ ದುಡಿಯಲು ಹೋಗಿ ಯಂತ್ರಕ್ಕೆ ಬಲಗೈಯ ಮೂರು ಬೆರಳು ಕೊಟ್ಟು ಬಂದರು. ಬಳೆ ಇಡಿಸಲು ಎರಡೂ ಕೈ ಬೇಕು. ಒಂದು ಕೈ ಗಿರಾಕಿಯ ಅಂಗೈ ಒತ್ತಿ ಹಿಡಿಯಬೇಕು, ಇನ್ನೊಂದು ಬಳೆ ಏರಿಸಬೇಕು. ಅಲ್ಲಿಗೆ ಆ ಕಸುಬು ಮುಗಿಯಿತು.

ಬೇರೆ ಯಾರಾದರೂ ಆಗಿದ್ದರೆ ಹಣೆಬರಹವೆಂದು ಕಟ್ಟೆ ಹಿಡಿದು ಕೂರುತ್ತಿದ್ದರು. ಇವರು ತಮ್ಮ ಹಳೆಯ ಗಿರಾಕಿಗಳ ಮನೆಗಳನ್ನು ನೆನಪು ಮಾಡಿಕೊಂಡರು. ಬಳೆಗಾರ ಪಡಸಾಲೆಯ ತನಕ ಹೋಗುವವನು. ಯಾವ ಮನೆಯ ಒಳಕೋಣೆಯಲ್ಲಿ ಯಾರನ್ನು ಕೂಡಿಸಿಟ್ಟಿದ್ದಾರೆ, ಹಬ್ಬಕ್ಕೆ ಎಲ್ಲರಿಗೂ ಬಳೆ ಇಡಿಸಿದ ಮೇಲೆ "ಒಳಗ ಒಬ್ಬಾಕಿ ಅದಾಳ, ಅಕಿಗೂ ಎರಡ ಕೊಡ್ರಿ" ಎಂದು ಯಾರ ಬಗ್ಗೆ ಹೇಳುತ್ತಾರೆ ಎಂಬುದೆಲ್ಲ ಅವನಿಗೆ ಗೊತ್ತು. ಹಾಗೆ ಮೂಲೆ ಹಿಡಿದವರನ್ನು ಒಬ್ಬೊಬ್ಬರಾಗಿ ಎಬ್ಬಿಸಿಕೊಂಡು ಬಂದು, ಹಳೆಯ ಅರಳೆ ಗೋದಾಮೊಂದನ್ನು ಬಾಡಿಗೆ ಹಿಡಿದು, ಉಡಿ ಚೀಲ ಮಾಡಿಸಲು ಶುರು ಮಾಡಿದರು. ತೊಂಬತ್ತರ ದಶಕದ ಆರಂಭದ ಮಾತು. ನಾನು ಎಡಗಾಲು ಪೋಲಿಯೋಗೆ ಕೊಟ್ಟವಳು, ಕೈ ಮಿಷನ್ನಿನ ಮೇಲೆ ಹೊಲಿಯುತ್ತಿದ್ದೆ. ನನ್ನ ಪಕ್ಕದ ಮಿಷನ್ನಿಗೆ ಈರಪ್ಪ, ಹುಟ್ಟಿನಿಂದ ಕಿವಿ ಕೇಳದವನು. ತುಂಬುವ ಹಲಗೆಯ ಮೇಲೆ ಮನೋಳಿಯ ಗಂಗವ್ವ, ಹುಟ್ಟಿನಿಂದ ಕಣ್ಣಿಲ್ಲದವಳು. ಕತ್ತರಿಸಲು, ಇಸ್ತ್ರಿ ಮಾಡಲು ಓಣಿಯ ಹೆಣ್ಣುಮಕ್ಕಳು. ಊರವರು ನಮ್ಮನ್ನು ಕುಂಟರ ಕಾರ್ಖಾನೆ ಎನ್ನುತ್ತಿದ್ದರು. ಅದನ್ನು ಕೇಳಿ ನಾನು ಜಗಳಕ್ಕೆ ಎದ್ದರೆ ಚಾಚಾ ಸೆರಗು ಎಳೆದು ಕೂಡಿಸುತ್ತಿದ್ದರು. "ಕಾರ್ಖಾನಿ ಅಂದ್ರಲ್ಲ, ಅಷ್ಟ ಸಾಕು. ನಮ್ಮ ಓಣ್ಯಾಗ ತಮ್ಮದ ಅನ್ನೂ ಕಾರ್ಖಾನಿ ಯಾರ್ದ ಐತಿ ಹೇಳು?"

ನಮ್ಮ ಚೀಲ ಅಂಗೈ ಅಗಲದ್ದು, ಬಾಯಿಗೆ ಬಣ್ಣದ ದಾರ. ಒಳಗೆ ಮಡಚಿದ ಕುಬಸದ ಖಣ, ಉತ್ತತ್ತಿ, ಬೆಟ್ಟಡಿಕೆ, ಒಂದು ಜೋಡಿ ಬಳೆ, ಅರಿಷಿಣದ ಪೊಟ್ಟಣ, ಕುಂಕುಮದ ಪೊಟ್ಟಣ. ಲಗ್ನದ ಮನೆಯವರು ಬಂದ ಮುತ್ತೈದೆಯರ ಉಡಿ ತುಂಬುವಾಗ ಎಲೆ, ತೆಂಗಿನಕಾಯಿ ಜೊತೆಗಿಟ್ಟರೆ ಆಯಿತು. ಗಂಗವ್ವ ಬಂದ ಮೊದಲ ದಿನವೇ ಚಾಚಾ ಪೊಟ್ಟಣದ ರೀತಿ ಬದಲಿಸಿದರು. ಅರಿಷಿಣದ್ದು ಮೂರು ಮೂಲೆ, ಕುಂಕುಮದ್ದು ನಾಲ್ಕು ಮೂಲೆ. ಕೈಗೆ ತಾಗಿದರೆ ಸಾಕು, ಗಂಗವ್ವನಿಗೆ ತಿಳಿಯುತ್ತಿತ್ತು. ಅವಳ ಹಲಗೆಯಿಂದ ಈರಪ್ಪನ ತೋಳಿಗೆ ಒಂದು ದಾರ ಕಟ್ಟಿಸಿದ್ದರು. ಖಾಲಿ ಚೀಲ ಮುಗಿದರೆ ಗಂಗವ್ವ ದಾರ ಎಳೆಯುವಳು, ಈರಪ್ಪನ ತೋಳು ಜಗ್ಗುವುದು, ಅವನು ಹೊಲಿದ ಚೀಲದ ಬುಟ್ಟಿ ಕಳಿಸುವನು. ಅವಳಿಗೆ ಕಾಣದು, ಅವನಿಗೆ ಕೇಳದು. ಆದರೂ ಆ ದಾರದ ಮೇಲೆ ಇಬ್ಬರೂ ದಿನವಿಡೀ ಜಗಳವಾಡುತ್ತಿದ್ದರು. ಅವಳು ಪದೇ ಪದೇ ಜಗ್ಗಿದರೆ ಅವನು ತಿರುಗಿ ಒಂದು ಸಲ ಜೋರಾಗಿ ಜಗ್ಗುತ್ತಿದ್ದ. "ಬೈದಾ ನೋಡ್ರಿ ಚಾಚಾ, ಬೈದಾ!" ಎಂದು ಅವಳು ಕೂಗಿದರೆ ನಾವೆಲ್ಲ ನಗುವುದು.

ನಮ್ಮ ಕೆಲಸಕ್ಕೂ ಸುಗ್ಗಿ ಇರುತ್ತದೆ. ಆಷಾಢದಲ್ಲಿ ನೊಣ ಹೊಡೆಯುತ್ತ ಕೂರುವುದು, ಶ್ರಾವಣದಲ್ಲಿ ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗಾಗಿ ಒಂದಿಷ್ಟು, ತುಳಸಿ ಲಗ್ನ ಮುಗಿದದ್ದೇ ಮೈಮೇಲೆ ಬಿದ್ದಂತೆ ಲಗ್ನದ ಗಿರಾಕಿಗಳು. ಇದಕ್ಕೆ ಚಾಚಾನ ಉಪಾಯ ಬಹಳ ಸಾದಾ. ಆಷಾಢದಲ್ಲಿ ಯಾರೂ ಕೇಳದಿದ್ದರೂ ದಾರ ಹೊಸೆಸುವರು. "ಸುಗ್ಗಿ ಬಂದ ಮ್ಯಾಲ ಕುಡಗೋಲ ಮಸಿಯಾಕ ಕುಂತ್ರ ಹ್ಯಾಂಗ?" ಎನ್ನುವರು. ಸುಗ್ಗಿ ಬಂದಾಗ ಗಿರಾಕಿಗಳನ್ನು ತಿರುಗಿ ಕಳಿಸುವರು. ಬಂದ ಲಕ್ಷ್ಮಿಯನ್ನು ಕಾಲಲ್ಲಿ ಒದೆಯುತ್ತಾರೆಂದು ನಾನು ಹಾರಾಡಿದರೆ, ಒಂದೇ ಮಾತು: "ಅವಸರದ ಬಳಿ ಕೈಯಾಗ ಒಡೀತೈತಿ, ತಂಗಿ."

ಇನ್ನೊಂದು ಮಾತೂ ಬಳೆಯ ಕಾಲದ್ದೇ. ಬಿಗಿ ಹಿಡಿದ ಕೈಗೆ ಬಳೆ ಏರುವುದಿಲ್ಲ. ಬಳೆಗಾರ ಏನೋ ಮಾತು ತೆಗೆದು ನಗಿಸುತ್ತಾನೆ, ಕೈ ಮೆತ್ತಗಾಗುತ್ತದೆ, ಬಳೆ ಯಾವಾಗ ಒಳಗೆ ಹೋಯಿತೋ ಗೊತ್ತಾಗುವುದಿಲ್ಲ. ಕೆಲಸದ ಗದ್ದಲದಲ್ಲಿ ನಮ್ಮ ಭುಜ ಏರಿ, ಹಲ್ಲು ಕಚ್ಚಿಕೊಂಡಾಗ ಅವರು ಹಿಂದೆ ಬಂದು ನಿಲ್ಲುತ್ತಿದ್ದರು. "ಕೈ ಸಡಲ ಬಿಡವ್ವಾ, ಕೈ ಸಡಲ ಬಿಡು." ಆಮೇಲೆ ಯಾವುದೋ ಊರಿನ ಯಾವಳೋ ಅತ್ತೆಯ ಕತೆ. ತಮಗೇ ಚಿಂತೆ ಹತ್ತಿದಾಗ ಮಾತ್ರ ಉಳಿದ ಹೆಬ್ಬೆರಳಿನಿಂದ ತಮ್ಮದೇ ಎಡಗೈಯನ್ನು ಒತ್ತುತ್ತ ಸುಮ್ಮನೆ ಕೂರುವರು. ಕಾಣದ ಬಳೆಯನ್ನು ತಾವೇ ತೊಟ್ಟುಕೊಳ್ಳುತ್ತಿದ್ದಾರೇನೋ ಎನಿಸುತ್ತಿತ್ತು.

ಪ್ರತಿ ಗಿರಾಕಿಗೂ ಒಂದು ಚೀಲ ಹೆಚ್ಚಿಗೆ ಮಾಡುವುದು ನಮ್ಮ ರೂಢಿ. ಅದಕ್ಕೆ ಹೊಸ್ತಿಲ ಚೀಲ ಎಂದು ಹೆಸರು. ಮಾಲು ಹೋದ ಮೇಲೆ ನಮ್ಮ ಹೊಸ್ತಿಲು ದಾಟಿ ಮೊದಲು ಯಾವ ಹೆಣ್ಣುಮಗಳು ಬರುತ್ತಾಳೋ ಅವಳಿಗೆ ಅದು. ಚಾಚಾನೇ ಹಾಕಿದ ಪದ್ಧತಿ. ಆ ಪದ್ಧತಿಯೇ ಒಂದು ಸಲ ನಮ್ಮ ಮಾನ ಉಳಿಸಿತು.

ರಾಮದುರ್ಗದ ಒಬ್ಬ ದೊಡ್ಡ ಸಾವ್ಕಾರರ ಮಗಳ ಲಗ್ನ. ಸಾವ್ಕಾರರು ತಾವೇ ಕಾರಿನಲ್ಲಿ ನಮ್ಮ ಗೋದಾಮಿನ ಬಾಗಿಲಿಗೆ ಬಂದರು. ಕೈ ತುಂಬ ಕೆಲಸವಿತ್ತು. ಬೇರೆ ಯಾರೇ ಆಗಿದ್ದರೂ ಚಾಚಾ ಬೇಡ ಎನ್ನುತ್ತಿದ್ದರು. ಆದರೆ ಒಂದು ಕಾಲಕ್ಕೆ ಅದೇ ಮನೆಯ ಹಿತ್ತಲ ಬಾಗಿಲಿಗೆ ಮಲಾರ ಹೊತ್ತು ನಿಂತವರು ಅವರು. ಆ ಮನೆಯ ಯಜಮಾನ ತಮ್ಮ ಹೊಸ್ತಿಲಿಗೆ ಬಂದದ್ದು ನೋಡಿ ಹಿಗ್ಗಿ ಹೀರೆಕಾಯಿಯಾದರು. ಹೂಂ ಎಂದರು. ಸಾವ್ಕಾರರು ಇನ್ನೊಂದು ಗೋಣಿ ಇಳಿಸಿದರು. ಅದರಲ್ಲಿ ವಧೂವರರ ಹೆಸರು ಅಚ್ಚು ಹಾಕಿಸಿದ ಪುಟ್ಟ ಪಾಕೀಟುಗಳು. ಅರಿಷಿಣಕ್ಕೆ ಹಳದಿ ಅಕ್ಷರ, ಕುಂಕುಮಕ್ಕೆ ಕೆಂಪು ಅಕ್ಷರ. ಬಾಯಿ ಒತ್ತಿ ಮುಚ್ಚುವ ದಪ್ಪ ಪ್ಲಾಸ್ಟಿಕ್ಕು, ವಾಸನೆ ಕೂಡ ಹೊರಗೆ ಬಾರದು. ಎರಡೂ ಒಂದೇ ಅಳತೆ, ಒಂದೇ ಆಕಾರ.

ಗಂಗವ್ವ ಎರಡನ್ನೂ ಕೈಯಲ್ಲಿ ಹಿಡಿದು ಕೇಳಿದಳು. "ಚಾಚಾ, ಇವೆರಡೂ ಒಂದ ನಮೂನಿ ಅದಾವಲ್ರಿ. ನನಗ ಹ್ಯಾಂಗ ತಿಳೀಬೇಕ್ರಿ?"

"ಎಡಗಡೆ ಬುಟ್ಟ್ಯಾಗ ಅರಿಷಿಣ, ಬಲಗಡೆ ಬುಟ್ಟ್ಯಾಗ ಕುಂಕುಮ. ಅಷ್ಟ ಐತಿ, ನಡೀ ನಡೀ" ಎಂದರು ಚಾಚಾ. ಅವಸರದ ಬಳಿ ಎಂದು ನಮಗೆ ಬುದ್ಧಿ ಹೇಳುತ್ತಿದ್ದ ಮನುಷ್ಯ.

ಗಂಗವ್ವ ಪ್ರತಿ ಸೋಮವಾರ ಮನೋಳಿಯಿಂದ ಬಂದು, ವಾರವಿಡೀ ಬೈಲಹೊಂಗಲದಲ್ಲಿ ದೊಡ್ಡವ್ವನ ಮನೆಯಲ್ಲಿದ್ದು, ಶನಿವಾರ ತಿರುಗಿ ಹೋಗುವಳು. ಕರೆತಂದು ಒಯ್ಯುವವನು ಅವಳ ಅಣ್ಣ. ಬಾಡಿಗೆ ಜೀಪು ಓಡಿಸುತ್ತಿದ್ದ. ಕೆಟ್ಟವನಲ್ಲ, ಆದರೆ ಮಂದಿಯ ಬಾಯಿಗೆ ಬಹಳ ಹೆದರುವವನು. ತಂಗಿಯನ್ನು ಕಳಿಸುವಾಗಲೇ ಚಾಚಾನಿಗೆ ಹೇಳಿದ್ದ: "ಕುರುಡಿ ಕೈಲೆ ಕೆಲಸ ಕೆಟ್ಟಿತು ಅಂತ ಹೊರಗಿನವರಿಂದ ಒಂದ ಮಾತು ಬಂದ್ರ ಸಾಕು, ಅವತ್ತ ಕರಕೊಂಡ ಹೋಗತೇನಿ." ಹೋಗುವುದೆಂದರೆ ಎಲ್ಲಿಗೆ ಎಂಬುದು ನಮಗೆಲ್ಲ ಗೊತ್ತಿತ್ತು. ಒಳಕೋಣೆಯ ಆ ಮೂಲೆಗೇ.

ರಾಮದುರ್ಗದ ಮಾಲು ಬಸ್ಸಿನ ಮೇಲೆ ಹೋಯಿತು. ಮಾರನೆಯ ದಿನ ಶನಿವಾರ. ಅದರ ಮಾರನೆಯ ದಿನ ಲಗ್ನ. ಶನಿವಾರ ಬೆಳಿಗ್ಗೆಯೇ ಹಣ್ಣು ಮಾರುವ ಕಾಶವ್ವ ನೀರು ಕುಡಿಯಲೆಂದು ಒಳಗೆ ಬಂದಳು. ಹೊಸ್ತಿಲ ಚೀಲ ಅವಳ ಪಾಲಾಯಿತು. ಬಿಚ್ಚಿ ನೋಡಿದವಳು ಗಲ್ಲ ಬಡಿದುಕೊಂಡಳು.

"ಅಯ್ಯ ಶಿವನ! ಚಾಚಾ, ಎರಡೂ ಅರಿಷಿಣ ಅದಾವು. ಕುಂಕುಮ ಎಲ್ಲೈತ್ರಿ? ಮುತ್ತೈದಿಗೆ ಯಾರರ ಹಿಂಗ ಕೊಡ್ತಾರೇನ್ರಿ?" ಚೀಲವನ್ನು ಹಲಗೆಯ ಮೇಲಿಟ್ಟು ಹಿಂದೆ ಸರಿದಳು.

ಗಂಡನಿರುವ ಹೆಣ್ಣಿಗೆ ಕುಂಕುಮವಿಲ್ಲದ ಉಡಿ ತುಂಬಿದರೆ ಅವಳ ಗಂಡನ ಸಾವು ಬಯಸಿದ ಹಾಗೆ. ಅದೂ ಲಗ್ನದ ಹಂದರದಲ್ಲಿ. ಗಂಗವ್ವನ ಕೈ ನಿಂತಿತ್ತು. "ನಾ ಎಡಕ್ಕ ಒಂದ, ಬಲಕ್ಕ ಒಂದ ಬರೋಬ್ಬರಿ ತಗದೇನ್ರಿ ಚಾಚಾ" ಎಂದಳು. ವಿಚಾರಿಸಿದಾಗ ತಿಳಿಯಿತು. ಕೆಲಸದ ಗದ್ದಲಕ್ಕೆಂದು ಹೊಸದಾಗಿ ಕರೆಸಿದ್ದ ಓಣಿಯ ಹೆಂಗಸೊಬ್ಬಳು, ಬಲಗಡೆಯ ಬುಟ್ಟಿ ಖಾಲಿಯಾದದ್ದು ಕಂಡು ಎಡಗಡೆಯದರಿಂದ ಅರ್ಧ ಸುರಿದಿದ್ದಳು. ಕಣ್ಣಿದ್ದವರಿಗೆ ಅದು ಬುಟ್ಟಿ ತುಂಬುವ ಕೆಲಸ, ಅಷ್ಟೇ. ಯಾವ ಚೀಲ ಸರಿ, ಯಾವುದು ತಪ್ಪು ಎಂದು ಬಿಚ್ಚದೆ ಹೇಳುವಂತಿರಲಿಲ್ಲ.

ಚಾಚಾ ಹೊಸ್ತಿಲ ಮೇಲೆ ಕುಳಿತು ಹೆಬ್ಬೆರಳಿನಿಂದ ಎಡಗೈ ಒತ್ತತೊಡಗಿದರು. ಸ್ವಲ್ಪ ಹೊತ್ತಿಗೆ ಎದ್ದು, "ಜೀಪ ಬಂತೇನು?" ಎಂದರು. ಶನಿವಾರವಾದ್ದರಿಂದ ಗಂಗವ್ವನ ಅಣ್ಣ ಬಂದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

ಗಂಗವ್ವನನ್ನೂ ಕರೆದೊಯ್ಯುತ್ತೇನೆಂದು ಚಾಚಾ ಹೊರಟಾಗ ನಾನು ಅಡ್ಡ ನಿಂತೆ. "ಉರಿಯೋ ಬೆಂಕಿಗೆ ಎಣ್ಣಿ ಹಾಕಾಕ ಹೊಂಟೀರೇನು? ಅಕಿನ್ನ ನೋಡಿದ್ರ ಅವರು ಏನಂತಾರ?"

"ಚೀಲ ತುಂಬಿದಾಕಿ ಅಕಿ. ಅಕಿ ಇಲ್ದ ತಿರುಗಿ ತುಂಬೂದು ಹ್ಯಾಂಗ? ನೀನೂ ಹತ್ತು."

ದಾರಿಯಲ್ಲಿ ಅಣ್ಣ ಮುಂದೆ ನೋಡುತ್ತಲೇ ಹೇಳಿದ. "ಹೊಳ್ಳಿ ಬರೂಮುಂದ ಇಕಿನ್ನ ಮನೋಳ್ಯಾಗ ಇಳಸ್ತೇನ್ರಿ ಚಾಚಾ. ಮತ್ತ ಕಳಸಂಗಿಲ್ಲ." ಹಿಂದಿನ ಸೀಟಿನಲ್ಲಿ ಗಂಗವ್ವ ನನ್ನ ಕೈ ಹಿಡಿದಿದ್ದಳು. ಜೀವನದಲ್ಲಿ ನನಗೆ ಚಾಚಾನ ಮೇಲೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ರಾಮದುರ್ಗದ ಮನೆಯ ಮುಂದೆ ಹಂದರ ಎದ್ದಿತ್ತು. ಪಡಸಾಲೆಯ ತುಂಬ ಬಳಗದ ಹೆಂಗಸರು, ಒಂದು ಮೂಲೆಯಲ್ಲಿ ನಮ್ಮ ಚೀಲಗಳ ರಾಶಿ. ಸಾವ್ಕಾರ್ತಿ ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು ಹೊರಗೆ ಬಂದರು. ಚಾಚಾ ಸುತ್ತಿ ಬಳಸಿ ಹೇಳುತ್ತಾರೆಂದುಕೊಂಡಿದ್ದೆ. ಇಲ್ಲ. ಕೈಚೀಲದಿಂದ ಹೊಸ್ತಿಲ ಚೀಲ ತೆಗೆದು, ಬಿಚ್ಚಿ, ಎರಡು ಅರಿಷಿಣದ ಪಾಕೀಟು ತೋರಿಸಿದರು.

ಸಾವ್ಕಾರ್ತಿಯ ಮುಖ ಕೆಂಪಾಯಿತು. ಕಣ್ಣು ಗಂಗವ್ವನ ಮೇಲೆ ಹೋಯಿತು. "ಇಕಿ ಏನ್ರಿ ತುಂಬಿದಾಕಿ? ಕುರುಡಿ ಕೈಯಾಗ ಕುಂಕುಮ ಕೊಟ್ರ ಹಿಂಗಲ್ದ ಮತ್ತೇನ್ ಆಗತೈತಿ?"

ಬಾಗಿಲಲ್ಲಿ ನಿಂತಿದ್ದ ಅಣ್ಣ ತಲೆ ತಗ್ಗಿಸಿದ. ಅವನು ಹೆದರಿದ್ದ ಮಾತು ಬಂದೇಬಿಟ್ಟಿತ್ತು.

"ತಪ್ಪು ನಂದ್ರಿ ಅವ್ವಾರ" ಎಂದರು ಚಾಚಾ. "ಎರಡೂ ಒಂದ ನಮೂನಿ ಅದಾವು, ನನಗ ಹ್ಯಾಂಗ ತಿಳೀಬೇಕು ಅಂತ ಈ ಹುಡುಗಿ ಕೇಳಿದ್ಳು. ನಾ ಕಿವಿಗೆ ಹಾಕ್ಕೊಳ್ಳಿಲ್ಲ. ನಿಮ್ಮ ಮನೀದು ದೊಡ್ಡ ಕೆಲಸ ಬಂತಲ್ಲ ಅಂತ ಹಿಗ್ಗಿನ್ಯಾಗ ಇದ್ದೆ. ಬೈಯೂದಿದ್ರ ನನಗ ಬೈರಿ. ಆಮ್ಯಾಲ ನಾಕ ಹಾಳಿ ಹಳೇ ಪೇಪರ್ ಕೊಡ್ರಿ, ಕೂತು ಸರಿ ಮಾಡ್ತೇವಿ. ಇಡೀ ದಿನ ಐತಿ."

ಬೈಗುಳ ಬಂತು. ಚಾಚಾ ನಿಂತು ಕೇಳಿದರು. ಆಮೇಲೆ ಪೇಪರೂ ಬಂತು.

ಗೋಣಿಯಲ್ಲೇ ಉಳಿದಿದ್ದ ಕುಂಕುಮದ ಪಾಕೀಟುಗಳನ್ನು ಜೊತೆಗೆ ತಂದಿದ್ದೆವು. ಜಮಖಾನೆಯ ಮೇಲೆ ಕುಳಿತು ಚೀಲ ಬಿಚ್ಚಿದೆವು. ನಾನು ಬಣ್ಣ ನೋಡಿ ಪಾಕೀಟು ಬೇರೆ ಮಾಡಿ ಕೊಟ್ಟರೆ ಗಂಗವ್ವ ಅಚ್ಚು ಹಾಕಿದ ಪಾಕೀಟಿನ ಮೇಲೆ ಪೇಪರು ಮಡಚುವಳು. ಅರಿಷಿಣಕ್ಕೆ ಮೂರು ಮೂಲೆ, ಕುಂಕುಮಕ್ಕೆ ನಾಲ್ಕು. ಬಿಗಿ ಹಿಡಿದ ಕೈಗೆ ಮಡಿಕೆ ತಪ್ಪುತ್ತಿತ್ತು. ಚಾಚಾ ಪಕ್ಕದಲ್ಲಿ ಕುಳಿತು ಮೆಲ್ಲಗೆ, "ಕೈ ಸಡಲ ಬಿಡವ್ವಾ" ಎಂದು, ಇದೇ ಮನೆಯಲ್ಲಿ ಹಿಂದೊಮ್ಮೆ ಬಳೆ ಇಡಿಸುವಾಗ ಒಬ್ಬ ಸೊಸೆ ಹೆದರಿ ಕೂಗಿಕೊಂಡದ್ದಕ್ಕೆ ಗೋದಲಿಯಲ್ಲಿದ್ದ ಎಮ್ಮೆ ಕಣ್ಣಿ ಹರಕೊಂಡು ಓಡಿದ ಕತೆ ತೆಗೆದರು. ಒಬ್ಬಳು ನಕ್ಕಳು. "ಆ ಸೊಸಿ ಯಾರ್ರಿ ಚಾಚಾ?" ಎಂದು ಇನ್ನೊಬ್ಬಳು ಹತ್ತಿರ ಸರಿದಳು. ಚಾಚಾ ಹೇಳಲಿಲ್ಲ, ಸಾವ್ಕಾರ್ತಿಯ ಕಡೆ ನೋಡಲೂ ಇಲ್ಲ. ಪಡಸಾಲೆಯೆಲ್ಲ ಸಾವ್ಕಾರ್ತಿಯ ಕಡೆ ನೋಡಿತು. ಅವರಿಗೆ ನಗು ತಡೆಯಲಾಗಲಿಲ್ಲ. "ಸಾಕ್ ಬಿಡೋ ಮಾರಾಯಾ" ಎಂದು ಸೆರಗು ಬಾಯಿಗಿಟ್ಟುಕೊಂಡರು.

ಆಮೇಲೆ ಒಬ್ಬೊಬ್ಬರಾಗಿ ಬಂದು ಕುಳಿತರು. ಗಂಗವ್ವ ಮಡಚುವುದನ್ನು ತೋರಿಸಿಕೊಟ್ಟಳು. ಒಬ್ಬ ಚಿಗವ್ವನಿಗೆ ಮೂರು ಮೂಲೆ ಬಾರದೆ ಐದು ಮೂಲೆ ಬಂದು ಎಲ್ಲರೂ ಅವಳನ್ನು ಗೋಳು ಹೊಯ್ದುಕೊಂಡರು. ಗದ್ದಲ ಕೇಳಿ ಸಾವ್ಕಾರರ ತಾಯಿ, ಆ ಮನೆಯ ಆಯಿ, ಗೋಡೆ ಹಿಡಿದುಕೊಂಡು ಬಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ಕೈಯಲ್ಲಿ ಮೂರು ಮೂಲೆಯದು, ಇನ್ನೊಂದರಲ್ಲಿ ನಾಲ್ಕು ಮೂಲೆಯದು ಇಟ್ಟುಕೊಂಡು ಬಹಳ ಹೊತ್ತು ಮುಟ್ಟಿ ಮುಟ್ಟಿ ನೋಡಿದರು.

"ಇದು ಚಲೋ ಆತು ನೋಡವ್ವಾ, ನನಗೂ ತಿಳೀತೈತಿ" ಎಂದರು. "ಹ್ವಾದ ವಾರ ವಿಭೂತಿ ಅಂತ ರಂಗೋಲಿ ಹಚಗೊಂಡ ಕುಂತಿದ್ದೆ. ಈ ಮನ್ಯಾಗ ಇಷ್ಟ ಮಂದಿ ಕಣ್ಣಿದ್ದವರು, ಒಬ್ಬರರ ಹೇಳಿದ್ರೇನು?"

ನಗೆಯ ಅಬ್ಬರಕ್ಕೆ ಹಂದರದವರು ಇಣುಕಿ ನೋಡಿದರು. ನಾನೂ ನಕ್ಕೆ.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲ ಚೀಲ ಸರಿಯಾಗಿ ದಾರ ಕಟ್ಟಿಸಿಕೊಂಡು ಕುಳಿತವು. ಒಂದು ಉಳಿಯಿತು. "ಇದ್ಯಾರ್ದು?" ಎಂದರು ಸಾವ್ಕಾರ್ತಿ. ನಾನು ಹೊಸ್ತಿಲ ಚೀಲದ ಪದ್ಧತಿ ಹೇಳಿದೆ.

"ಹಂಗಾರ ಇವತ್ತ ನಮ್ಮ ಹೊಸ್ತಿಲ ದಾಟಿ ಬಂದಾಕಿ ಇಕೀನ ಅಲ್ಲೇನು?" ಎಂದರು ಆಯಿ, ಗಂಗವ್ವನ ತೋಳು ಹಿಡಿದು. "ಏಳವ್ವಾ, ಉಡಿ ಒಡ್ಡು."

ಗಂಗವ್ವನಿಗೆ ಉಡಿ ಒಡ್ಡುವುದು ಹೇಗೆಂದು ಗೊತ್ತಿರಲಿಲ್ಲ. ಅಷ್ಟೊಂದು ಉಡಿ ಚೀಲ ತುಂಬಿದವಳನ್ನು ಯಾರೂ, ಒಂದು ಸಲವೂ, ಉಡಿ ತುಂಬಲು ಕರೆದಿರಲಿಲ್ಲ. ಆಯಿಯೇ ತಡಕಾಡಿ ಅವಳ ಸೆರಗು ಹಿಡಿದು ಅಗಲ ಮಾಡಿದರು. ಸಾವ್ಕಾರ್ತಿ ಒಂದು ಗಳಿಗೆ ನಿಂತರು. ಆಮೇಲೆ ಕುಂಕುಮದ ಬಟ್ಟಲು ತರಿಸಿ, ಗಂಗವ್ವನ ಹಣೆಗೆ ತಾವೇ ಹಚ್ಚಿ, ಎಲೆ, ತೆಂಗಿನಕಾಯಿ, ಚೀಲ ಉಡಿಯಲ್ಲಿಟ್ಟರು. "ನಾ ಅಂದದ್ದ ಮನಸಿನ್ಯಾಗ ಇಟಗೋಬ್ಯಾಡ ತಂಗಿ" ಎಂದರು. ಗಂಗವ್ವ ಚೀಲದೊಳಗೆ ಕೈ ಹಾಕಿ ಮುಟ್ಟಿ ನೋಡಿದಳು. "ಮೂರು... ನಾಕು... ಬರೋಬ್ಬರಿ ಐತಿ" ಎಂದಳು. ನಾನು ಅತ್ತೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಚಾಚಾ ಹಂದರದ ಕಂಬದ ಕಡೆ ಮುಖ ಮಾಡಿ ನಿಂತಿದ್ದರು. "ನಡೀರಿ ನಡೀರಿ, ಬಸ್ಸು ತಪ್ಪತೈತಿ" ಎಂದರು.

ನಾವು ಬಂದದ್ದು ಜೀಪಿನಲ್ಲಿ.

ಮನೋಳಿಯಲ್ಲಿ ಜೀಪು ನಿಂತಿತು. ಅಣ್ಣ ಇಳಿದು ಬಂದು, ತಂಗಿಯ ಉಡಿ ಚೆಲ್ಲದ ಹಾಗೆ ಜೋಪಾನವಾಗಿ ಇಳಿಸಿಕೊಂಡ. ಈಗ ಚಾಚಾನ ಕಡೆ ನೋಡದೆ ಕೇಳಿದ. "ಸೋಮವಾರ ಇಕಿನ್ನ ಎಷ್ಟೊತ್ತಿಗೆ ಬಿಡ್ಲ್ರಿ?"

"ನನ್ನ ಯಾಕ ಕೇಳ್ತಿ? ಅಕಿನ್ನ ಕೇಳು."

"ದಿನದಕಿಂತ ಲಗೂ" ಎಂದಳು ಗಂಗವ್ವ. "ಸುಗ್ಗಿ ಐತಲ್ಲ."

ಮುಂದೆ ಎಷ್ಟೋ ಸುಗ್ಗಿಗಳು ಬಂದವು. ಗೋದಾಮಿನ ಬೀಗದಕೈ ಈಗ ಗಂಗವ್ವನ ಸೊಂಟದಲ್ಲಿದೆ. ಅದು ನನಗೆ ಬರುತ್ತದೆಂದುಕೊಂಡಿದ್ದೆ, ಇರಲಿ. ಸಕ್ಕರೆ ಕಾಯಿಲೆಯಿಂದ ಕೊನೆಯ ವರ್ಷಗಳಲ್ಲಿ ಚಾಚಾನ ಕಣ್ಣು ಮಂಜಾದವು. ಆದರೂ ಮನೆಯಲ್ಲಿ ಕೂರಲಾರರು. ಯಾರದೋ ಕೈ ಹಿಡಿದು ಬಂದು ಗಂಗವ್ವನ ಹಲಗೆಯ ಪಕ್ಕ ಕುಳಿತು, ಪೊಟ್ಟಣ ಮಡಚುವುದನ್ನು ಕಲಿಸು ಎಂದರು. ಉಳಿದ ಬೆರಳುಗಳಲ್ಲಿ ಪೇಪರನ್ನು ಬಿಗಿಯಾಗಿ ಹಿಡಿದು ಹರಿಯುವರು, ತಮ್ಮನ್ನು ತಾವೇ ಬೈದುಕೊಳ್ಳುವರು. ನಾವು ನಗಬಾರದೆಂದು ಮಿಷನ್ನಿನ ಮೇಲೆ ಬಗ್ಗುವೆವು. ಗಂಗವ್ವ ಮಾತ್ರ ತನ್ನ ಕೆಲಸ ಬಿಟ್ಟು, ಅವರ ಅರೆಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತುತ್ತಿದ್ದಳು.

"ಕೈ ಸಡಲ ಬಿಡ್ರಿ ಚಾಚಾ," ಎನ್ನುತ್ತಿದ್ದಳು, "ಕೈ ಸಡಲ ಬಿಡ್ರಿ."